ಒಂದನೇ ಕಂಡಿಕೆಯ ಖಾಲಿ ಜಾಗ

ನನ್ನ ಗಂಡ ತೀರಿಕೊಂಡ ಆರನೇ ವಾರ ಅವರ ಮೇಜಿನ ಕೆಳಗಿನ ಖಾನೆಯಲ್ಲಿ ಒಂದು ಕಡತ ಸಿಕ್ಕಿತು. ತಿಳಿ ಹಳದಿ ರಟ್ಟು, ಮೂಲೆಯಲ್ಲಿ ತೂತು, ತೂತಿನಲ್ಲಿ ಹಸಿರು ದಾರ. ರಟ್ಟಿನ ಮೇಲೆ ಅವರದೇ ಅಕ್ಷರ: ‘ಎಸ್ಸುಮನ್, ಜೆ. ಇ. ಜೀವನ ವಿವರ. ಶವಸಂಸ್ಕಾರದ ಪುಸ್ತಿಕೆಗೆ.’

ನಮ್ಮಲ್ಲಿ ಹೆಣವನ್ನು ವಾರಗಟ್ಟಲೆ ಶೀತಾಗಾರದಲ್ಲಿಟ್ಟು, ಸತ್ತವರ ಬದುಕಿನ ಪುಸ್ತಿಕೆ ಅಚ್ಚು ಹಾಕಿಸಿ, ಆಮೇಲೆ ಮಣ್ಣು ಮಾಡುತ್ತಾರೆ. ತನ್ನ ಪುಸ್ತಿಕೆಯನ್ನು ತಾನೇ ಬರೆದಿಟ್ಟು ಸಾಯುವ ರೂಢಿ ನಮ್ಮಲ್ಲೂ ಇಲ್ಲ. ಅದು ಉಳಿದವರ ಕೆಲಸ. ಆದರೆ ಮೂವತ್ತೊಂಬತ್ತು ವರ್ಷ ಇನ್ನೊಬ್ಬರ ಕರಡು ತಿದ್ದಿದ ಮನುಷ್ಯನಿಗೆ ತನ್ನ ಕೊನೆಯ ಕಾಗದವನ್ನು ಬೇರೆಯವರ ಕೈಗೆ ಬಿಡಲು ಧೈರ್ಯ ಬಂದಿರಲಿಕ್ಕಿಲ್ಲ.

ಒಳಗೆ ಒಂಬತ್ತು ಹಾಳೆ, ಇಪ್ಪತ್ತಮೂರು ಕಂಡಿಕೆ. ಪ್ರತಿಯೊಂದಕ್ಕೂ ಅಂಕಿ. ಸರ್ಕಾರಿ ಸೇವೆಗೆ ಸೇರಿದ ದಿನ, ಉತ್ತರದ ಜಿಲ್ಲೆಗೆ ಲಾರಿಯಲ್ಲಿ ಹೊರಟ ದಿನ, ನೈಜೀರಿಯಾದಿಂದ ಹೊರದೂಡಲ್ಪಟ್ಟ ನಮ್ಮ ಜನ ಗಡಿಯಲ್ಲಿ ಬಂದು ಬಿದ್ದಾಗ ಲಾರಿಗಳನ್ನು ಹೊಂದಿಸಲು ನಿಂತ ಹದಿನೇಳು ದಿನ, ಎಲ್ಲಕ್ಕೂ ತಾರೀಖು ಇತ್ತು. ಸೈನ್ಯ ಸರ್ಕಾರವನ್ನು ಉರುಳಿಸಿದ ಬೆಳಗ್ಗೆಗಳಲ್ಲೂ ಎಂಟಕ್ಕೆ ಕಚೇರಿಗೆ ಹೋಗಿದ್ದರು. ಕಾವಲಿನ ಸಿಪಾಯಿ ‘ಇವತ್ತು ಸರ್ಕಾರ ಇಲ್ಲ’ ಎಂದಾಗ ‘ಕಡತ ಇದೆಯಲ್ಲ’ ಎಂದು ಒಳಗೆ ಹೋದದ್ದು ಒಂಬತ್ತನೇ ಕಂಡಿಕೆಯಲ್ಲಿತ್ತು.

ಒಂದನೇ ಕಂಡಿಕೆ ಮಾತ್ರ ಹೀಗಿತ್ತು: ‘1. ನಾನು ............ ರಂದು ಸಾಲ್ಟ್‌ಪಾಂಡಿನಲ್ಲಿ, ಮೀನುಗಾರ ಕ್ವಾಮೆನಾ ಎಸ್ಸುಮನ್ ಮತ್ತು ಮೀನು ಹೊಗೆಗಿಡುತ್ತಿದ್ದ ಅಂಬಾ ಅವರ ನಾಲ್ಕನೆಯ ಮಗುವಾಗಿ ಹುಟ್ಟಿದೆ.’

ಪೆನ್ಸಿಲ್ಲಿನಲ್ಲಿ ಎಳೆದ ಚುಕ್ಕೆಗೆರೆ. ಒಂದು ತಾರೀಖು ಹಿಡಿಸುವಷ್ಟು ಉದ್ದ.

ಪುಸ್ತಿಕೆ ಅಚ್ಚಿಗೆ ಹೋಗಲು ನಾಲ್ಕು ದಿನ ಉಳಿದಿತ್ತು. ಆ ಗೆರೆಯ ಮೇಲೆ ಏನು ಬರೆಯಬೇಕೆಂಬುದು ನನ್ನ ಪಾಲಿಗೆ ಬಂದಿತ್ತು.

*

ಮಾರನೆಯ ಬೆಳಗ್ಗೆ ಕುಟುಂಬದ ಯಜಮಾನ ಒಟೂ ಬಂದರು. ನನ್ನ ಗಂಡನ ತಾಯಿಯ ಕಡೆಯ ಅಣ್ಣ. ನಮ್ಮಲ್ಲಿ ಹೆಣ ತಾಯಿಯ ಕುಟುಂಬದ್ದು, ಹೆಂಡತಿಯದಲ್ಲ. ಆದ್ದರಿಂದ ಯಾವ ದಿನ, ಯಾವ ಪೆಟ್ಟಿಗೆ, ಎಷ್ಟು ಕುರ್ಚಿ ಎನ್ನುವುದನ್ನೆಲ್ಲ ಅವರೇ ನಿರ್ಧರಿಸುತ್ತಿದ್ದರು. ನನಗೆ ಬಿಟ್ಟಿದ್ದು ಪುಸ್ತಿಕೆ ಒಂದೇ. ‘ನೀನು ಓದಿದವಳು’ ಎಂದು ಅದನ್ನು ನನಗೆ ಕೊಟ್ಟಿದ್ದರು.

ಅವರ ಹಿಂದೆಯೇ ಎಕುವಾ ಅಮ್ಮ ಬಂದಳು. ನನ್ನ ಗಂಡನ ಅಕ್ಕ, ಎಂಬತ್ತಮೂರು ವರ್ಷ. ತಮ್ಮನ ಹೆಂಡತಿ ಅಕ್ಕನಿಗೂ ಹೆಂಡತಿ ಎಂಬ ಹಳೆಯ ತಮಾಷೆಯನ್ನು ಅವಳು ಸಾವಿನ ಮನೆಯಲ್ಲೂ ಬಿಟ್ಟಿರಲಿಲ್ಲ.

“ಏ ನನ್ ಹೆಂಡ್ತಿ, ಉಂಡ್ಯಾ? ಇಲ್ಲ ತಾನೇ? ಮುಖ ನೋಡಿದ್ರೇನೇ ಗೊತ್ತಾಗುತ್ತೆ. ಮೆಕ್ಕೆಜೋಳದ ಕೆಂಕಿ ತಂದಿದೀನಿ, ಬಿಸಿ ಇದೆ, ಎಲೆ ಬಿಚ್ಚು.”

ಒಟೂ ಕಾಗದವೊಂದನ್ನು ಮೇಜಿನ ಮೇಲೆ ಹರಡಿದರು. ಸಚಿವಾಲಯದ ಮುದ್ರೆ ಇತ್ತು. ನಿಯೋಗವೊಂದು ಬರುತ್ತದೆ, ಪೆಟ್ಟಿಗೆಯ ಮೇಲೆ ರಾಷ್ಟ್ರಧ್ವಜ ಹಾಸುತ್ತಾರೆ, ಮುಖ್ಯ ನಿರ್ದೇಶಕರು ನುಡಿಗೌರವ ಓದುತ್ತಾರೆ. ಕೊನೆಯಲ್ಲಿ: ದಿವಂಗತರ ಜನನ, 25 ಜನವರಿ 1946, ಪುಸ್ತಿಕೆಯಲ್ಲಿಯೂ ಹಾಗೆಯೇ ಇರಲಿ.

“ನೋಡಮ್ಮ ಅಬಾ, ತಾರೀಖು ಅವರೇ ಕೊಟ್ಟಿದಾರೆ. ಹಾಕ್ಬಿಡು. ಬಾವುಟ ಅಂತೆ! ಈ ಊರಲ್ಲಿ ಯಾರ ಪೆಟ್ಟಿಗೆ ಮೇಲೆ ಬಾವುಟ ಬಿದ್ದಿದೆ ಹೇಳು ನೋಡೋಣ?”

“ಬಾವುಟ ಹಾಸ್ಲಿ, ಬೇಡ ಅಂದೋರ್ಯಾರು,” ಎಂದಳು ಎಕುವಾ ಅಮ್ಮ. “ಆದ್ರೆ ಹೆಸರು ಎಬೊ ಅಂತಾನೇ ಇರ್ಬೇಕು. ದೊಡ್ಡದಾಗಿ. ಪೋಸ್ಟರ್ ಮೇಲೆ, ಪುಸ್ತಕದ ಮೇಲೆ, ಎಲ್ಲಾ ಕಡೆ.”

“ಜೋಸೆಫ್ ಅಂತ ಇದೆಯಲ್ಲಕ್ಕಾ,” ಎಂದರು ಒಟೂ.

“ಜೋಸೆಫ್ ಅಂತ ಕೂಗಿದ್ರೆ ನಮ್ಮವ್ವ ಆ ಲೋಕದಲ್ಲಿ ತಿರುಗಿ ನೋಡ್ತಾಳೇನೋ? ಯಾವನೋ ಪಾದ್ರಿ ಬಂದ ಅಂತ ಬಾಗ್ಲು ಹಾಕ್ಕೋತಾಳೆ. ನನ್ ತಮ್ಮ ಹೊರಗೆ ನಿಲ್ಬೇಕಾ?”

ಒಟೂ ನಕ್ಕರು. “ಆಯ್ತಕ್ಕ, ಎಬೊನೂ ಹಾಕ್ಲಿ, ತಾರೀಖೂ ಹಾಕ್ಲಿ. ಎರಡೂ ಇರ್ಲಿ.”

ಎರಡೂ ಒಂದೇ ಪುಟದಲ್ಲಿ ಇರಲು ಸಾಧ್ಯವಿರಲಿಲ್ಲ. ಅದು ನನಗೆ ಗೊತ್ತಿತ್ತು. ಎಕುವಾ ಅಮ್ಮನಿಗೂ ಗೊತ್ತಿತ್ತು, ಅವಳ ಕಣ್ಣು ನನ್ನ ಮೇಲೇ ಇತ್ತು.

*

ನಮ್ಮಲ್ಲಿ ಮಗು ಯಾವ ವಾರ ಹುಟ್ಟಿತೋ ಆ ವಾರದ ಹೆಸರು ಅದಕ್ಕೆ ಬರುತ್ತದೆ. ಆಮೇಲೆ ದೀಕ್ಷಾಸ್ನಾನ, ಶಾಲೆ, ಕಚೇರಿ ಏನೇ ಹೆಸರು ಕೊಡಲಿ, ಮೊದಲಿನದು ಹೋಗುವುದಿಲ್ಲ. ಗುರುವಾರದವಳು ನಾನು, ಅಬಾ. ಸೋಮವಾರದವನು ಕೊಜೊ. ಎಬೊ ಎಂದರೆ ಮಂಗಳವಾರ ಹುಟ್ಟಿದವನು.

25 ಜನವರಿ 1946 ಶುಕ್ರವಾರ.

ಹಳೆಯ ಕ್ಯಾಲೆಂಡರ್ ಇಟ್ಟುಕೊಂಡು ಇದನ್ನು ಹೊಂದಿಸಿ ನೋಡುವ ಬುದ್ಧಿ ಇಡೀ ಸರ್ಕಾರಕ್ಕೆ ಹೇಳಿಕೊಟ್ಟವರೇ ನನ್ನ ಗಂಡ. ತೊಂಬತ್ತರ ದಶಕದಲ್ಲಿ ಅವರು ಸಿಬ್ಬಂದಿ ವಿಭಾಗದ ನಿರ್ದೇಶಕರಾಗಿದ್ದರು. ವಯಸ್ಸು ಕಡಿಮೆ ಬರೆಸಿ ನಿವೃತ್ತಿಯನ್ನು ಮುಂದೂಡುವವರು ಎಲ್ಲ ಕಚೇರಿಗಳಲ್ಲೂ ಇದ್ದರು. ಹಿಡಿಯುವುದು ಹೇಗೆಂದು ಯಾರಿಗೂ ತೋಚಿರಲಿಲ್ಲ. ಇವರು ಪ್ರತಿ ನೌಕರನ ಕಡತ ತರಿಸಿ, ಹೆಸರಿನ ವಾರ ಒಂದು ಕಡೆ, ತಾರೀಖಿನ ವಾರ ಇನ್ನೊಂದು ಕಡೆ ಬರೆಸಿದರು. ಹೊಂದದಿದ್ದರೆ ಕರೆಸುತ್ತಿದ್ದರು. ‘ನಿಮ್ಮ ತಾಯಿ ನಿಮ್ಮನ್ನು ಕೊಜೊ ಎಂದು ಕರೆದಳು. ಅಂದರೆ ಸೋಮವಾರ. ಸರ್ಕಾರಕ್ಕೆ ನೀವು ಗುರುವಾರ ಹೇಳಿದ್ದೀರಿ. ಇಬ್ಬರಲ್ಲಿ ಸುಳ್ಳು ಹೇಳಿದವರು ಯಾರು?’ ತಾಯಿ ಸುಳ್ಳು ಹೇಳಿದಳೆಂದು ಯಾವ ಮಗ ಹೇಳಿಯಾನು? ಚರ್ಚಿನ ದಾಖಲೆ ತರಿಸಿ, ನಿಜವಾದ ವಯಸ್ಸು ಅರವತ್ತಾಗಿದ್ದರೆ ಅದೇ ತಿಂಗಳು ಮನೆಗೆ ಕಳಿಸುತ್ತಿದ್ದರು. ನಲವತ್ತೊಂದು ಜನ ಹೋದರು. ಕಚೇರಿಯಲ್ಲಿ ಅವರಿಗೆ ‘ಕ್ಯಾಲೆಂಡರ್’ ಎಂದೇ ಅಡ್ಡಹೆಸರು ಬಿತ್ತು.

ಅವರ ಸ್ವಂತ ಕಡತದಲ್ಲಿ ಮಾತ್ರ ‘ಜೆ. ಇ.’ ಎಂದಷ್ಟೇ ಇತ್ತು. ‘ಇ’ ಎಂದರೆ ಎಮ್ಯಾನುಯೆಲ್ ಎಂದು ಎಲ್ಲರೂ ತಿಳಿದಿದ್ದರು.

ನನಗೆ ಇದು ಮದುವೆಗೆ ಮುಂಚೆಯೇ ಗೊತ್ತಾಗಿತ್ತು. ನಾನು ಲೆಗೊನ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತಿದ್ದೆ. ಹಳೆಯ ಅಧಿಕಾರಿಗಳನ್ನು ಸಂದರ್ಶನ ಮಾಡುವುದು ನನ್ನ ಪ್ರಬಂಧದ ಕೆಲಸವಾಗಿತ್ತು. ಆಗ ಅವರು ಪ್ರಾಗ್‌ನಿಂದ ಬಂದು ಎರಡು ವರ್ಷವಾಗಿತ್ತು. ಮೊದಲ ಹೆಂಡತಿ ಹೋಗಿ ಬಹಳ ಕಾಲ, ಮಕ್ಕಳಿರಲಿಲ್ಲ. ಒಬ್ಬರೇ ಇದ್ದರು. ನನ್ನ ಮೊದಲ ಪ್ರಶ್ನೆ ಹುಟ್ಟಿದ ದಿನ ಯಾವುದು ಎಂಬುದು. ಅವರು ಟೇಪ್‌ರೆಕಾರ್ಡರ್ ಕಡೆ ನೋಡಿದರು. ‘ಕಡತದಲ್ಲಿ ಇರುವಂತೆ ಬರೆದುಕೊಳ್ಳಿ’ ಎಂದರು. ಅಷ್ಟರಲ್ಲಿ ಹೊರಗಿನಿಂದ ಎಕುವಾ ಅಮ್ಮ ‘ಎಬೊ, ಊಟ’ ಎಂದು ಕೂಗಿದಳು. ಹಾಸ್ಟೆಲಿಗೆ ಹೋಗಿ ಲೆಕ್ಕ ಹಾಕಿದೆ. ಮತ್ತೆ ಕೇಳಲಿಲ್ಲ. ಮದುವೆಯಾದ ಏಳು ವರ್ಷವೂ ಕೇಳಲಿಲ್ಲ.

ಜನವರಿ ಇಪ್ಪತ್ತೈದಕ್ಕೆ ಅವರು ಏನೂ ಮಾಡುತ್ತಿರಲಿಲ್ಲ. ಪ್ರಾಗ್‌ನಲ್ಲಿ ರಾಯಭಾರಿಯಾಗಿದ್ದಾಗ ಆ ದಿನ ವಿದೇಶಾಂಗ ಕಚೇರಿಯಿಂದ ಹೂಗುಚ್ಛ ಬರುತ್ತಿತ್ತಂತೆ. ಅದನ್ನು ಚಾಲಕರ ಕೋಣೆಯಲ್ಲಿ ಇಡಿಸುತ್ತಿದ್ದರಂತೆ. ಆದರೆ ಪ್ರತಿ ವರ್ಷ ಏಪ್ರಿಲ್ ಮಧ್ಯದಲ್ಲಿ ಎಕುವಾ ಅಮ್ಮ ಒಂದು ಬಟ್ಟಲು ತರುತ್ತಿದ್ದಳು. ಹಿಸುಕಿದ ಗೆಡ್ಡೆಗೆ ತಾಳೆಎಣ್ಣೆ ಕಲಸಿ, ಮೇಲೆ ಇಡೀ ಮೊಟ್ಟೆ ಇಟ್ಟದ್ದು. ಅದು ಹುಟ್ಟುಹಬ್ಬದ ಅಡುಗೆ. ಅವರು ಯಾರಿಗೂ ಏನೂ ಹೇಳದೆ ಪೂರ್ತಿ ತಿನ್ನುತ್ತಿದ್ದರು. ನಾನು ಬಟ್ಟಲು ತೊಳೆದು ಕೊಡುತ್ತಿದ್ದೆ.

*

ಒಟೂ ಹೋದ ಮೇಲೆ ಎಕುವಾ ಅಮ್ಮ ಹೋಗಲಿಲ್ಲ. ಸೊಂಟಕ್ಕೆ ಸುತ್ತಿದ ಕಪ್ಪು ಬಟ್ಟೆಯ ಗಂಟಿನಿಂದ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ತೆಗೆದಳು. ಅದರಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ. ಮೆಥಡಿಸ್ಟ್ ಚರ್ಚಿನ ದೀಕ್ಷಾಸ್ನಾನದ ಚೀಟಿ. ಎಬೊ ಜೋಸೆಫ್ ಎಸ್ಸುಮನ್. ಹುಟ್ಟಿದ್ದು 13 ಏಪ್ರಿಲ್ 1943.

“ಮಂಗಳವಾರ,” ಎಂದಳು. “ನಂಗೆ ಎಂಟು ವರ್ಷ. ಅಪ್ಪ ಮನೇಲೇ ಇದ್ದ, ಮಂಗಳವಾರ ಕಡಲ ದೇವರ ದಿನ, ದೋಣಿ ಇಳಿಸೋರ್ಯಾರು? ಬಲೆ ಹೆಣೀತಾ ಕೂತಿದ್ದ. ಕೂಸು ಅಳ್ತಿದ್ದ ಹಾಗೇ ಸೂಜಿ ಕೆಳಗಿಟ್ಟ.”

“ಮತ್ತೆ ಆ ತಾರೀಖು ಎಲ್ಲಿಂದ ಬಂತು?”

“ಕಿವಿಯಿಂದ ಬಂತು.” ಅವಳು ತನ್ನ ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿ ತೋರಿಸಿದಳು. “ಆಗೆಲ್ಲ ಸ್ಕೂಲಿಗೆ ಸೇರ್ಬೇಕಂದ್ರೆ ಹಿಂಗೆ ಮುಟ್ಬೇಕು. ಮುಟ್ಟಿದ್ರೆ ಆರು ವರ್ಷ, ಇಲ್ಲಾಂದ್ರೆ ಮನೆಗೋಗು. ನಿನ್ ಗಂಡ ಕುಳ್ಳ, ಕೈ ಅಂತೂ ಇನ್ನೂ ಕುಳ್ಳು. ಮೂರು ವರ್ಷ ಜನವರೀಲಿ ನಾನೇ ಕರ್ಕೊಂಡ್ಹೋಗಿ ವಾಪಸ್ ಕರ್ಕೊಂಡ್ ಬಂದೆ. ದಾರಿಯುದ್ದಕ್ಕೂ ಅಳೋನು. ನಾಲ್ಕನೇ ವರ್ಷ ಬೆರಳ ತುದಿ ತಾಗ್ತು. ಹೆಡ್‌ಮಾಸ್ಟ್ರು ಆವತ್ತಿನ ತಾರೀಖಿಗೆ ಆರು ವರ್ಷ ಕಳೆದು ಬರ್ಕೊಂಡ್ರು. ಆವತ್ತು ಶುಕ್ರವಾರ. ಯಾವ ವಾರ ಹುಟ್ಟಿದ್ದು ಅಂತ ನನ್ನ ಕೇಳಿದ್ರಾ? ಕೇಳಿದ್ರೆ ಹೇಳ್ತಿದ್ದೆ.”

“ಆಮೇಲೆ ಸರಿ ಮಾಡಿಸ್ಬಹುದಿತ್ತಲ್ಲ.”

“ಕೆಲಸಕ್ಕೆ ಸೇರೋವಾಗ ಹೇಳ್ದೆ, ಚೀಟಿ ತಗೊಂಡ್ಹೋಗು ಅಂತ. ‘ಅಕ್ಕಾ, ವಿದ್ಯಾರ್ಥಿವೇತನ ತಗೊಂಡಿದ್ದು ಆ ವಯಸ್ಸಿನ ಮೇಲೆ, ಈಗ ಬದಲಾಯಿಸಿದ್ರೆ ಎಲ್ಲಾ ಕೇಳ್ತಾರೆ’ ಅಂದ. ಆಮೇಲೆ ದೊಡ್ಡೋನಾದ. ದೊಡ್ಡೋನಿಗೆ ನಾನೇನು ಹೇಳ್ಲಿ?”

ಚೀಟಿಯನ್ನು ನನ್ನ ಮುಂದೆ ತಳ್ಳಿದಳು. “ನೀನೇ ಇಟ್ಕೋ. ನಂಗೆ ಓದೋಕ್ ಬರಲ್ಲ, ಎಪ್ಪತ್ತೈದು ವರ್ಷ ಕಾದಿದ್ದು ಸಾಕು.”

*

ಆ ಮಧ್ಯಾಹ್ನ ಕಡತವನ್ನು ಮೊದಲಿನಿಂದ ಮತ್ತೆ ಓದಿದೆ.

ಒಂದು ದಾರಿ ಸುಲಭವಿತ್ತು. ಸಚಿವಾಲಯ ಹೇಳಿದ ತಾರೀಖು ಹಾಕಿ, ಎಬೊ ಎಂಬ ಹೆಸರನ್ನು ಬಿಡುವುದು. ಬಾವುಟ ಬರುತ್ತದೆ, ಭಾಷಣ ಬರುತ್ತದೆ, ಅವರ ಹೆಸರಿಗೆ ಏನೂ ಆಗುವುದಿಲ್ಲ. ಎಕುವಾ ಅಮ್ಮ ಒಬ್ಬಳು ಅಳುತ್ತಾಳೆ. ಇನ್ನೊಂದು ದಾರಿಯಲ್ಲಿ, ‘ಕ್ಯಾಲೆಂಡರ್’ ಎಂದು ಹೆಸರಾದವರು ಸ್ವತಃ ಮೂರು ವರ್ಷ ಕದ್ದಿದ್ದರು ಎಂದು ಇಡೀ ದೇಶದ ಗುಮಾಸ್ತರು ಓದುತ್ತಾರೆ. ರಾಯಭಾರಿಯಾಗಿ ಆಯ್ಕೆಯಾದದ್ದು 2003ರ ನವೆಂಬರಿನಲ್ಲಿ. ನಿಜದ ವಯಸ್ಸಿನಲ್ಲಿ ಆ ಏಪ್ರಿಲ್‌ನಲ್ಲೇ ಅವರು ಮನೆಯಲ್ಲಿರಬೇಕಿತ್ತು. ಆ ಕುರ್ಚಿ ಬೇರೆ ಯಾರದೋ ಆಗಬೇಕಿತ್ತು.

ಗೆರೆಯನ್ನು ಅವರು ಕಾಯಿಲೆಯ ಸುಸ್ತಿನಲ್ಲಿ ಖಾಲಿ ಬಿಟ್ಟಿರಬಹುದು ಎಂದುಕೊಂಡಿದ್ದೆ. ಹೇಳುವ ಮನಸ್ಸಿಲ್ಲದೆ ಬಿಟ್ಟಿರಬಹುದು ಎಂದೂ.

ಹನ್ನೊಂದನೇ ಕಂಡಿಕೆ ಹೀಗಿತ್ತು: ‘11. ಹೆಸರಿನ ವಾರ ಮತ್ತು ಜನ್ಮದಿನಾಂಕದ ವಾರಗಳನ್ನು ಹೋಲಿಸುವ ವಿಧಾನವನ್ನು ನಾನು ಜಾರಿಗೆ ತಂದೆ. ಇದರಿಂದ ನಲವತ್ತೊಂದು ನೌಕರರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು.’

ಬೇರೇನೂ ಇರಲಿಲ್ಲ. ಪುಟ ಮಗುಚಬೇಕೆನ್ನುವಾಗ ಅಂಚಿನಲ್ಲಿ ಏನೋ ಇದ್ದ ಹಾಗೆ ಕಂಡಿತು. ಕಿಟಕಿಯ ಹತ್ತಿರ ಒಯ್ದೆ. ಪೆನ್ಸಿಲ್ಲಿನಲ್ಲಿ, ಒತ್ತಿ ಬರೆಯದ ಸಣ್ಣ ಅಕ್ಷರ: ‘ಕಂ. 1 ನೋಡಿ.’

ಕಡತದಲ್ಲಿ ಒಂದು ವಿಷಯಕ್ಕೆ ಆಧಾರ ಬೇರೆಡೆ ಇದ್ದರೆ ಹಾಗೆ ಬರೆಯುವುದು ಅವರ ಪದ್ಧತಿ. ಮನೆಯಲ್ಲಿ ಅಂಗಡಿಯ ಚೀಟಿಯ ಮೇಲೂ ಬರೆಯುತ್ತಿದ್ದರು, ‘ಸಾಬೂನು, ಹಿಂದಿನ ಚೀಟಿ ನೋಡಿ’ ಎಂದು. ನಾನು ನಗುತ್ತಿದ್ದೆ.

ಹದಿನೇಳನೇ ಕಂಡಿಕೆ: ‘17. ಪ್ರಾಗ್‌ನಲ್ಲಿ ರಾಯಭಾರಿಯಾಗಿ ನೇಮಕ. ಹಿಮ ಬೀಳುವ ಬೆಳಗ್ಗೆ, ಒಂದು ಹೆಗಲು ತೆರೆದು ನಮ್ಮ ಕೆಂಟೆ ಬಟ್ಟೆಯನ್ನು ಹೊದ್ದು ಅಧಿಕಾರಪತ್ರ ಸಲ್ಲಿಸಿದೆ. ಚಳಿಯಾಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ.’ ಅಂಚಿನಲ್ಲಿ: ‘ಕಂ. 1 ನೋಡಿ.’

ಒಂದನೇ ಕಂಡಿಕೆಗೆ ಹೋದರೆ ಅಲ್ಲಿ ಖಾಲಿ. ಎರಡು ಸಲ ಅಲ್ಲಿಗೇ ಕಳಿಸಿದ್ದರು. ಯಾರನ್ನು ಎಂದು ಬರೆದಿರಲಿಲ್ಲ. ಮನೆಯಲ್ಲಿ ಅವರ ಕಡತ ಓದುವವಳು ನಾನೊಬ್ಬಳೇ.

ಬೇಕಾದರೆ ಸಿಟ್ಟು ಬರಬಹುದಿತ್ತು. ಬರಲಿಲ್ಲ. ಪೆನ್ನು ತೆಗೆದು ಚುಕ್ಕೆಗೆರೆಯ ಮೇಲೆ ಬರೆದೆ. ನನ್ನ ಅಕ್ಷರ ಅವರದಕ್ಕಿಂತ ದಪ್ಪ. ಜಾಗ ಸರಿಯಾಗಿ ಸಾಕಾಯಿತು.

*

ಅಚ್ಚಿನ ಅಂಗಡಿ ಕಡಲಿನ ರಸ್ತೆಯಲ್ಲಿದೆ. ಮಾಲೀಕ ಕೊಜೊ ಟರ್ಕ್ಸನ್‌ಗೆ ಎಂಬತ್ತೊಂದು. ಈಗ ಕಂಪ್ಯೂಟರಿನಲ್ಲಿ ಮಗಳು ಕೆಲಸ ಮಾಡುತ್ತಾಳೆ. ಅವರು ಬಾಗಿಲ ಬಳಿ ಡ್ರಾಫ್ಟ್ಸ್ ಆಟದ ಹಲಗೆ ಇಟ್ಟುಕೊಂಡು ಕೂತು ಪ್ರತಿ ಪುಸ್ತಿಕೆಯ ಕರಡು ತಾವೇ ಓದುತ್ತಾರೆ. ಶನಿವಾರಗಳಲ್ಲಿ ಎದುರಿನ ಸ್ಟೂಲಿನಲ್ಲಿ ನನ್ನ ಗಂಡ ಕೂರುತ್ತಿದ್ದರು. ಹನ್ನೊಂದು ವರ್ಷ ಆಡಿದ್ದರು.

ಅದಕ್ಕೂ ಹತ್ತು ವರ್ಷ ಹಿಂದೆ, 1997ರಲ್ಲಿ, ಸೋಮವಾರವೋ ಗುರುವಾರವೋ ಎಂದು ಕೇಳಿ ಇವರನ್ನು ಮನೆಗೆ ಕಳಿಸಿದವರೂ ನನ್ನ ಗಂಡನೇ. ಇನ್ನೂ ಮೂರು ವರ್ಷ ಸೇವೆ ಇದೆಯೆಂದುಕೊಂಡಿದ್ದ ಟರ್ಕ್ಸನ್ ಮೂರು ತಿಂಗಳಲ್ಲಿ ಸರ್ಕಾರಿ ಮನೆ ಬಿಟ್ಟು, ಐದು ಮಕ್ಕಳನ್ನು ಕರೆದುಕೊಂಡು ರಾಜಧಾನಿ ಅಕ್ರಾದಿಂದ ಈ ಊರಿಗೆ ಬಂದರು. ಆಗ ಹಾಕಿದ್ದೇ ಈ ಅಂಗಡಿ.

“ಬನ್ನಿ ರಾಯಭಾರಿ ಅಮ್ಮೋರೇ, ಕೂತ್ಕೊಳ್ಳಿ. ಆ ಸ್ಟೂಲ್ ಬೇಡ, ಅದರ ಕಾಲು ಸರಿ ಇಲ್ಲ. ನಿಮ್ ಯಜಮಾನ್ರು ಸೋತಾಗೆಲ್ಲ ಅದನ್ನೇ ಬೈಯೋರು.”

ಹಾಳೆಗಳನ್ನು ಕೊಟ್ಟೆ. ಅವರು ಕನ್ನಡಕವನ್ನು ಹಣೆಯಿಂದ ಇಳಿಸಿದರು. ಮೊದಲ ಪುಟದಲ್ಲೇ ಬೆರಳು ನಿಂತಿತು.

“ಏಪ್ರಿಲ್ ಹದಿಮೂರು, ನಲವತ್ಮೂರು.” ತುಟಿ ಅಲುಗಿತು. ಕ್ಯಾಲೆಂಡರ್ ಬೇಕಾಗಲಿಲ್ಲ, ಆ ಲೆಕ್ಕ ಬಾಯಿಪಾಠವಾಗಿತ್ತು. “ಮಂಗಳವಾರ. ಎಬೊ. ಸರಿ ಹೋಯ್ತು.” ನನ್ನ ಮುಖ ನೋಡಿದರು. “ಅಮ್ಮ, ಇದು ಕರಡಲ್ಲಿ ತಪ್ಪಿ ಬಂದಿದ್ದಾ, ತಿಳಿದು ಬರೆದಿದ್ದಾ?”

“ತಿಳಿದು.”

“ಅವರ ಅಕ್ಷರ ಅಲ್ಲ ಇದು.”

“ನಂದು. ಹನ್ನೊಂದನೇದು ಓದಿ. ಅಂಚಿನಲ್ಲಿ ಇರೋದು ಅವರದು.”

ಓದಿದರು. ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಮತ್ತೆ ಓದಿದರು. ಆಮೇಲೆ ನಗತೊಡಗಿದರು. ಹೆಗಲು ಕುಣಿಯುವಷ್ಟು ನಕ್ಕರು. ಒಳಗಿಂದ ಮಗಳು “ಏನಪ್ಪಾ ಅದು?” ಎಂದು ಇಣುಕಿದಳು.

“ಏನಿಲ್ಲ, ಕೆಲಸ ನೋಡು ನೀನು.” ಕಣ್ಣು ಒರೆಸಿಕೊಂಡರು. “ನಲವತ್ತೊಂದು ಅಂತ ಬರೆದಿದಾರೆ. ಹೆಸರಿಲ್ಲ. ನಾನು ಎಷ್ಟನೆಯವನೋ ಏನೋ.”

“ನಿಮಗೆ ಗೊತ್ತಿತ್ತಾ?”

“ಪೇಪರಲ್ಲಿ ಬಂದಿತ್ತಲ್ಲ, ಹೊಸ ರಾಯಭಾರಿ, ಹುಟ್ಟಿದ ತಾರೀಖು ಇಂಥದ್ದು ಅಂತ. ಸಾಲ್ಟ್‌ಪಾಂಡಲ್ಲಿ ಮೀನು ಮಾರೋರಿಂದ ಹಿಡಿದು ಎಲ್ಲರೂ ಎಬೊ ಅಂತಾನೇ ಕರೆಯೋದು. ಲೆಕ್ಕ ಹಾಕೋಕೆ ಎಷ್ಟೊತ್ತು? ಅವರೇ ಕಲಿಸಿದ ಲೆಕ್ಕ.”

“ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?”

ಅವರು ಹಲಗೆಯ ಮೇಲಿನ ಒಂದು ಕಾಯನ್ನು ಸರಿಸಿ, ಅಲ್ಲಿಗೇ ವಾಪಸ್ ಇಟ್ಟರು. “ಮೊದಲನೇ ಶನಿವಾರ ಬಂದು ಆ ಸ್ಟೂಲ್ ಮೇಲೆ ಕೂತಾಗ ಅಂದ್ಕೊಂಡೆ, ಇವತ್ತು ಹೇಳ್ತಾರೆ ಅಂತ. ಹೇಳಲಿಲ್ಲ. ಮುಂದಿನ ಶನಿವಾರ ಅಂದ್ಕೊಂಡೆ. ಹಂಗೇ ಹನ್ನೊಂದು ವರ್ಷ ಆಯ್ತು. ನಾನು ಹೇಳ್ಬಿಟ್ಟಿದ್ರೆ ಅವರು ಬರೋದು ನಿಲ್ಲಿಸ್ತಿದ್ರು. ಎದುರಿಗೆ ಕೂತು ಆಡೋರು ಈ ಊರಲ್ಲಿ ಇನ್ಯಾರಿದಾರೆ?”

ಆಮೇಲೆ ಅವರು ದನಿ ತಗ್ಗಿಸಿದರು.

“ಕೇಳಿ, ನಂಗೆ ಈ ಕೆಲಸ ಗೊತ್ತು. ಹೆಸರು ಜೆ. ಇ. ಅಂತ ಬಿಟ್ಬಿಡೋಣ. ಹಳೇ ತಾರೀಖು ಹಾಕೋಣ. ಎಕುವಾಗೆ ನಾನು ಹೇಳ್ತೀನಿ, ಅವಳಿಗೆ ಓದೋಕ್ ಬರಲ್ಲ. ಯಾರೂ ಎಣಿಸಲ್ಲ. ನೀವಿನ್ನೂ ಚಿಕ್ಕೋರು, ಈ ಊರಲ್ಲೇ ಇರ್ಬೇಕು.”

ಮನೆಗೆ ಕಳಿಸಲ್ಪಟ್ಟವರು ಕಳಿಸಿದವರ ಗುಟ್ಟು ಮುಚ್ಚಿಡಲು ಮುಂದಾದರು.

“ಬೇಡ,” ಎಂದೆ. “ನೀವು ಎಣಿಸ್ತೀರಲ್ಲ.”

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಉಜ್ಜಿದರು. ಬಹಳ ಹೊತ್ತು ಉಜ್ಜಿದರು. “ವಾರಾನೂ ಹಾಕ್ಲಾ? ಮಂಗಳವಾರ ಅಂತ?”

“ಹಾಕಿ.”

“ಅಂಚಿನಲ್ಲಿರೋದು?”

“ಅದನ್ನೂ. ಅಂಚಿನಲ್ಲೇ ಇರಲಿ.”

*

ಕರಡಿನ ಒಂದು ಪ್ರತಿ ಸಚಿವಾಲಯಕ್ಕೆ ಹೋಗಬೇಕಿತ್ತು. ಹೋಯಿತು. ಗುರುವಾರ ಫೋನ್ ಬಂತು. ಮಾತಾಡಿದವರು ಸಭ್ಯರು.

“ಮೇಡಂ, ನಿಮ್ಮ ಪುಸ್ತಿಕೆಯಲ್ಲಿ ತಾರೀಖು ತಪ್ಪಾಗಿದೆ.”

“ತಪ್ಪಿಲ್ಲ.”

“ನಮ್ಮ ಕಡತದ ಪ್ರಕಾರ—”

“ನಿಮ್ಮ ಕಡತದಲ್ಲಿ ತಪ್ಪಿದೆ.”

ಆ ಕಡೆ ಕಾಗದ ಸರಿದಾಡಿದ ಸದ್ದು. “ನೀವು ಹೇಳ್ತಿರೋದರ ಅರ್ಥ ನಿಮಗೆ ಆಗ್ತಿದೆಯಲ್ವಾ ಮೇಡಂ? ಹಾಗಿದ್ರೆ ನಿಯೋಗ ಬರೋದು ಸ್ವಲ್ಪ ಕಷ್ಟ ಆಗಬಹುದು.”

“ಆಗ್ತಿದೆ,” ಎಂದೆ.

ಸಂಜೆ ಒಟೂ ಬಂದು ಬಾಗಿಲಲ್ಲೇ ನಿಂತರು. ಒಳಗೆ ಬರಲಿಲ್ಲ. “ಸತ್ತವನ ಬಟ್ಟೆ ಬಿಚ್ಚಿಬಿಟ್ಟೆಯಲ್ಲಮ್ಮ. ಇಷ್ಟು ಓದಿದ್ದು ಇದಕ್ಕಾ?” ಎಂದರು. ಎಕುವಾ ಅಮ್ಮ ಒಳಗಿನಿಂದ, “ಹುಟ್ಟಿದಾಗ ಬಟ್ಟೆ ಹಾಕ್ಕೊಂಡ್ ಬಂದಿದ್ನೇನೋ? ಹೋಗ್ ಹೋಗು, ಕುರ್ಚಿ ಎಣಿಸೋಗು,” ಎಂದಳು.

*

ಶನಿವಾರ ಬಾವುಟ ಬರಲಿಲ್ಲ. ಒಬ್ಬ ಚಾಲಕ ಹೂಚಕ್ರವೊಂದನ್ನು ತಂದು, ಸಹಿ ಹಾಕಿಸಿಕೊಂಡು ಹೋದ. ಪೆಟ್ಟಿಗೆಯ ಮೇಲೆ ಎಕುವಾ ಅಮ್ಮ ಅವರ ಕೆಂಟೆ ಬಟ್ಟೆ ಹಾಸಿದಳು, ಹಿಮದಲ್ಲಿ ಹೊದ್ದದ್ದು.

ನಿಯೋಗಕ್ಕೆಂದು ಮುಂದಿನ ಸಾಲಿನಲ್ಲಿ ಹನ್ನೆರಡು ಕುರ್ಚಿ, ಅವಕ್ಕೆ ಅಡ್ಡಲಾಗಿ ಬಿಳಿ ಪಟ್ಟಿ. ಅವು ಖಾಲಿಯಾಗಿ ಎಲ್ಲರಿಗೂ ಕಾಣುತ್ತಿದ್ದವು. ಒಟೂ ಅತ್ತ ನೋಡದಂತೆ ಕೂತಿದ್ದರು. ಆಗ ಟರ್ಕ್ಸನ್ ಬಂದರು. ಅವರ ಹಿಂದೆ ಕಪ್ಪು ಬಿಳಿ ಬಟ್ಟೆಯ ಮುದುಕರು, ಕೆಲವರು ಕೋಲೂರಿ, ಒಬ್ಬರನ್ನು ಮೊಮ್ಮಗಳು ಹಿಡಿದುಕೊಂಡು. ಒಂಬತ್ತು ಜನ. ಕೈಯಲ್ಲಿ ಪುಸ್ತಿಕೆ ಇತ್ತು. ಟರ್ಕ್ಸನ್ ಅದನ್ನು ಮೊದಲೇ ಕಳಿಸಿದ್ದರು. ಅವರು ಬಿಳಿ ಪಟ್ಟಿಯನ್ನು ಬಿಚ್ಚಿ ಮಡಿಸಿ ಜೇಬಿಗೆ ಹಾಕಿಕೊಂಡು, “ಕೂತ್ಕೊಳ್ರಪ್ಪಾ, ಖಾಲಿ ಇದೆಯಲ್ಲ,” ಎಂದರು.

ಕೈಕುಲುಕಲು ಸಾಲಿನಲ್ಲಿ ಬಂದಾಗ ಕೋಲು ಹಿಡಿದವರೊಬ್ಬರನ್ನು ಕೇಳಿದೆ, “ಬಹಳ ದೂರದಿಂದ ಬಂದ್ರಾ?”

“ಕುಮಾಸಿಯಿಂದ. ನನ್ನ ವಯಸ್ಸು ಹಿಡಿದೋರ ವಯಸ್ಸು ನೋಡ್ಕೊಂಡ್ ಹೋಗೋಣ ಅಂತ ಬಂದೆ ತಾಯೀ.” ಪೆಟ್ಟಿಗೆಯ ಕಡೆ ನೋಡಿದರು. “ನನಗಿಂತ ಚಿಕ್ಕೋರು. ಆದ್ರೂ ಮೊದಲು ಹೋದ್ರು.”

ಕಾರ್ಯಕ್ರಮದಲ್ಲಿ ಸಚಿವಾಲಯದ ನುಡಿ ಎಂದು ಅಚ್ಚಾಗಿತ್ತು. ಪಾದ್ರಿ ಆ ಸಾಲನ್ನು ಓದಿ ತಲೆಯೆತ್ತಿ ಕಾದರು. ಯಾರೂ ಏಳಲಿಲ್ಲ. ಆಮೇಲೆ ಮುಂದಿನ ಸಾಲಿನಿಂದ ಟರ್ಕ್ಸನ್ ಎದ್ದರು. ಮೈಕ್ ಹತ್ತಿರ ಹೋಗಿ ಹನ್ನೊಂದನೇ ಕಂಡಿಕೆ ಓದಿದರು. ಅಂಚಿನಲ್ಲಿದ್ದುದನ್ನೂ ಓದಿದರು. ಪುಟ ಹಿಂದಕ್ಕೆ ಮಗುಚಿ ಒಂದನೇ ಕಂಡಿಕೆ ಓದಿದರು, ವಾರದ ಸಮೇತ. ಸಭೆಯಲ್ಲಿ ಬೀಸಣಿಗೆಗಳು ನಿಂತವು.

“ನಾನು ಸರ್ಕಾರಕ್ಕೆ ಸುಳ್ಳು ಹೇಳಿದ್ದೆ,” ಎಂದರು. “ಅವರು ಹಿಡಿದ್ರು. ಅವರೂ ಹೇಳಿದ್ರು. ಅವರನ್ನ ಹಿಡಿಯೋರು ಇರಲಿಲ್ಲ. ಕೊನೆಗೆ ತಮ್ಮನ್ನ ತಾವೇ ಕರೆಸಿ ಕೇಳ್ಕೊಂಡಿದಾರೆ. ನನ್ನ ಮೂರು ವರ್ಷ ಅದರಿಂದ ವಾಪಸ್ ಬರಲ್ಲ. ಸಿಟ್ಟು ಹೋಯ್ತಾ ಅಂದ್ರೆ ಪೂರ್ತಿ ಹೋಗಿಲ್ಲ. ಆದ್ರೆ ಶನಿವಾರ ಈಗ ಏನು ಮಾಡೋದು ಅಂತ ಗೊತ್ತಾಗ್ತಿಲ್ಲ.” ಪುಸ್ತಿಕೆ ಮಡಿಸಿದರು. “ಹೋಗಿ ಬನ್ನಿ, ಎಬೊ.”

ಕಚೇರಿಯವರು ಯಾರೂ ಅವರನ್ನು ಆ ಹೆಸರಿನಿಂದ ಕರೆದಿರಲಿಲ್ಲ.

*

ಮಂಗಳವಾರ ಬೆಳಗ್ಗೆ ಎಕುವಾ ಅಮ್ಮ ಬಟ್ಟಲು ಹಿಡಿದು ಬಂದಳು. ದೋಣಿಗಳೆಲ್ಲ ಮರಳಿನ ಮೇಲಿದ್ದವು. ಗಂಡಸರು ಬಲೆ ಹರಡಿಕೊಂಡು ಕೂತಿದ್ದರು. ಹೊಸ್ತಿಲಾಚೆ ನೆಲಕ್ಕೆ ಸ್ವಲ್ಪ ನೀರು ಹಾಕಿ ತಮ್ಮನ ಹೆಸರು ಕೂಗಿದಳು. ತಾಯಿಯ ಹೆಸರನ್ನೂ ಕೂಗಿ, “ಬಂದಿದಾನೆ, ಬಾಗ್ಲು ತೆಗಿ,” ಎಂದಳು.

ಆಮೇಲೆ ಬಟ್ಟಲನ್ನು ನನ್ನ ತೊಡೆಯ ಮೇಲಿಟ್ಟಳು. ಹಳದಿಯಾಗಿ ಹಿಸುಕಿದ ಗೆಡ್ಡೆ, ಮೇಲೆ ಒಂದು ಮೊಟ್ಟೆ.

“ನಂಗ್ಯಾಕೆ? ಅವರದಲ್ವಾ ಇದು?”

“ಅವನ ಪಾಲು ಅವನಿಗೆ ಹಾಕಾಯ್ತು. ತಿನ್ನು.”

ಮೊಟ್ಟೆಯನ್ನು ಎರಡು ಮಾಡಿದೆ. ಒಂದು ಭಾಗ ಅವಳಿಗೆ ಕೊಟ್ಟೆ. ಬಾಯಿಗೆ ಇಟ್ಟುಕೊಂಡಾಗ ಉಪ್ಪಿದೆ ಎಂದು ಗೊತ್ತಾಯಿತು. ಎರಡು ತಿಂಗಳಿಂದ ಯಾವುದರಲ್ಲೂ ಉಪ್ಪು ಗೊತ್ತಾಗುತ್ತಿರಲಿಲ್ಲ.

“ಸ್ವಲ್ಪ ಉಪ್ಪು ಜಾಸ್ತಿ,” ಎಂದೆ.

“ಹೌದಾ?” ಎಂದಳು ಎಕುವಾ ಅಮ್ಮ, ನನ್ನ ಮುಖವನ್ನೇ ನೋಡುತ್ತ. “ಹೇಳಿದ್ದು ಒಳ್ಳೇದಾಯ್ತು.”